ಕಿರೀಟ ಕಳಚಿಟ್ಟ ಮಾರಾಯ

‘ಮಾರಾಯ’ ಕರಾವಳಿ ಕನ್ನಡದ ಒಂದು ಕರೆಮಾತು. ಭಟ್ಕಳದಿಂದ ಹೊರಟು, ಹೊನ್ನಾವರದ ಶರಾವತಿ ಸೇತುವೆ ದಾಟಿ, ಕುಮಟೆ ಮುಟ್ಟುವ ಸುಮಾರು 60 ಕಿ.ಮೀ. ದಾರಿಯಲ್ಲಿ ಯಾವ ಟೆಂಪೋ ಹತ್ತಿದರೂ, ಯಾವ ಚಾದಂಗಡಿಯ ಬೆಂಚಿನ ಮೇಲೆ ಕೂತರೂ ಐದು ನಿಮಿಷದೊಳಗೆ ಅದು ಕಿವಿಗೆ ಬೀಳುತ್ತದೆ. ‘ಬಸ್ಸು ತಪ್ಪಿಹೋಯ್ತು ಮಾರಾಯ’, ‘ಎಂಥಾ ಸೆಕೆ ಮಾರಾಯ’, ‘ಸುಮ್ನಿರು ಮಾರಾಯ’. ಹೆಂಗಸಿಗಾದರೆ ‘ಮಾರಾಯ್ತಿ’, ತುಸು ಮರ್ಯಾದೆ ಬೇಕಾದಲ್ಲಿ ‘ಮಾರಾಯ್ರೆ’. ಉಡುಪಿ, ದಕ್ಷಿಣ ಕನ್ನಡ, ಘಟ್ಟದ ಮೇಲಿನ ಮಲೆನಾಡುಗಳಲ್ಲೂ ಇದರ ಓಡಾಟವಿದೆ. ತುಳುವಿನೊಳಗೂ ಕರಾವಳಿಯ ಕೊಂಕಣಿಯೊಳಗೂ ಇದು ಹೊಕ್ಕು ಕೂತಿದೆ. 1862ರಲ್ಲಿ ಬ್ರಿಟಿಷರು ಕೆನರಾ ಜಿಲ್ಲೆಯ ಉತ್ತರ ಭಾಗವನ್ನು ಮುಂಬಯಿ ಪ್ರಾಂತಕ್ಕೆ ಕೊಟ್ಟು ದಕ್ಷಿಣವನ್ನು ಮದರಾಸಿನಲ್ಲೇ ಉಳಿಸಿಕೊಂಡಾಗ ಭಟ್ಕಳದ ತೆಂಕಣ ಗಡಿ ಎರಡು ಪ್ರಾಂತಗಳ ಗಡಿಯಾಯಿತು. ಕಚೇರಿ ಭಾಷೆ, ಶಾಲೆಯ ಪಠ್ಯ, ಕಂದಾಯದ ಲೆಕ್ಕ ಎಲ್ಲ ಬೇರೆಯಾದವು. 1956ರಲ್ಲಿ ಎರಡೂ ಮತ್ತೆ ಒಂದೇ ರಾಜ್ಯದಲ್ಲಿ ಸೇರುವ ಹೊತ್ತಿಗೆ ಗಡಿಯ ಆಚೀಚೆ ಬದಲಾಗದೆ ಉಳಿದ ಮಾತುಗಳಲ್ಲಿ ಇದೂ ಒಂದು.

ಪದದ ಹುಟ್ಟು ಸಂಸ್ಕೃತದ ‘ಮಹಾರಾಜ’ದಲ್ಲಿ. ಅದು ಇಲ್ಲಿಗೆ ನೇರವಾಗಿ ಬಂದದ್ದಲ್ಲ, ಪ್ರಾಕೃತದ ಮೆಟ್ಟಿಲಿಳಿದು ಬಂದದ್ದು. ಎರಡು ಸ್ವರಗಳ ನಡುವೆ ಸಿಕ್ಕಿಕೊಂಡ ಜಕಾರ ಪ್ರಾಕೃತದಲ್ಲಿ ಸವೆದು ಯಕಾರದಂತೆ ಕೇಳಿಸತೊಡಗಿತು. ರಾಜ ‘ರಾಯ’ನಾದ, ಮಹಾರಾಜ ‘ಮಹಾರಾಯ’ನಾದ. ಜೈನರ ಪ್ರಾಕೃತ ಗ್ರಂಥಗಳಲ್ಲಿ ಈ ರೂಪಗಳೇ ಇವೆ. ಕನ್ನಡ ಶಾಲೆಯ ಮಕ್ಕಳು ತತ್ಸಮ–ತದ್ಭವದ ಪಟ್ಟಿ ಬಾಯಿಪಾಠ ಮಾಡುವಾಗ ‘ರಾಜ–ರಾಯ’ ಎಂಬ ಜೋಡಿಯನ್ನು ಮೊದಲ ಸಾಲುಗಳಲ್ಲೇ ಕಲಿಯುತ್ತಾರೆ. ಮುಂದಿನ ಹೆಜ್ಜೆ ಹಕಾರದ್ದು. ಆಡುಮಾತಿನಲ್ಲಿ ‘ಮಹಾ’ ಎಂಬುದು ‘ಮಾ’ ಆಗುವುದು ಕನ್ನಡದಲ್ಲಿ ತೀರ ಸಾಮಾನ್ಯ. ಮಹಾದೇವ ಮಾದೇವನಾದ, ಮಲೆಯ ಮಹದೇಶ್ವರ ಭಕ್ತರ ಬಾಯಲ್ಲಿ ಮಾದೇಶ್ವರನೂ ಮಾದಪ್ಪನೂ ಆದ. ಮಹಾಸತಿಯ ನೆನಪಿಗೆ ನಿಲ್ಲಿಸಿದ ಕಲ್ಲು ಮಾಸ್ತಿಕಲ್ಲು. ಆನೆ ನಡೆಸುವ ಮಾವುತ ಮೂಲದಲ್ಲಿ ‘ಮಹಾಮಾತ್ರ’ನೆಂಬ ದೊಡ್ಡ ಅಧಿಕಾರಿ. ಕರಾವಳಿಯವರ ಮಾರ್ನಮಿ ಬೇರೇನಲ್ಲ, ಮಹಾನವಮಿಯೇ. ಈ ಸಾಲಿನಲ್ಲಿ ಮಹಾರಾಯ ಮಾರಾಯನಾದದ್ದರಲ್ಲಿ ಆಶ್ಚರ್ಯವಿಲ್ಲ. ಪದವನ್ನು ನಡುವೆ ಒಡೆದು ‘ಮಾರ’ ಎಂಬ ಮನ್ಮಥನನ್ನೋ ‘ಮಾರು’ ಎಂಬ ವ್ಯಾಪಾರವನ್ನೋ ಅದರಲ್ಲಿ ಹುಡುಕಲು ಹೋದರೆ ದಾರಿ ತಪ್ಪುತ್ತದೆ.

ನಡುವಿನ ಮೆಟ್ಟಿಲು ಇನ್ನೂ ಜೀವಂತವಾಗಿದೆ ಎಂಬುದೇ ಈ ವ್ಯುತ್ಪತ್ತಿಗೆ ದೊಡ್ಡ ಸಾಕ್ಷಿ. ಹಳೆ ಮೈಸೂರಿನ ಕಡೆ ‘ಅಯ್ಯೋ ಮಹರಾಯ’, ‘ಬಿಡು ಮಹರಾಯ್ತಿ’ ಎನ್ನುವವರು ಇಂದಿಗೂ ಇದ್ದಾರೆ. ಅಲ್ಲಿ ಹಕಾರ ಉಳಿದುಕೊಂಡು ಅದರ ದೀರ್ಘ ಮಾತ್ರ ಸವೆದಿದೆ. ಘಟ್ಟ ಇಳಿದರೆ ಹಕಾರವೇ ಇಲ್ಲ. ಬಳಕೆಯ ಪ್ರಮಾಣದಲ್ಲೂ ವ್ಯತ್ಯಾಸವಿದೆ. ಮೈಸೂರಿನ ‘ಮಹರಾಯ’ ಬೇಸರ ಬಂದಾಗ, ಬೆರಗಾದಾಗ ಅಪರೂಪಕ್ಕೆ ಹೊರಬರುವ ಮಾತು. ಕುಮಟೆಯ ‘ಮಾರಾಯ’ ಉಸಿರಿನಷ್ಟು ಸಲೀಸು, ಒಂದೇ ಮಾತುಕತೆಯಲ್ಲಿ ಹತ್ತು ಸಲ ಬಂದರೂ ಯಾರೂ ಗಮನಿಸುವುದಿಲ್ಲ.

‘ರಾಯ’ ಎಂಬ ಬೇರಿನಿಂದ ಹೊರಟ ಕೊಂಬೆಗಳು ಹಲವು, ಅವುಗಳ ಗತಿಯೂ ಬೇರೆಬೇರೆ. ವಿಜಯನಗರದ ಅರಸರ ಹೆಸರಿನಲ್ಲಿ ಅದು ಕೊನೆಯವರೆಗೂ ಗದ್ದುಗೆ ಬಿಡಲಿಲ್ಲ: ದೇವರಾಯ, ಕೃಷ್ಣದೇವರಾಯ, ರಾಮರಾಯ. ಇನ್ನೊಂದು ಕಡೆ ಅದೇ ಪದ ‘ರಾವ್’ ಆಗಿ ಮನೆಮನೆಯ ಹೆಸರುಗಳ ಬಾಲಕ್ಕೆ ಅಂಟಿಕೊಂಡಿತು. ಬ್ರಿಟಿಷ್ ಸರಕಾರ ತನಗೆ ಬೇಕಾದವರಿಗೆ ಹಂಚಿದ ಬಿರುದು ದಕ್ಷಿಣದಲ್ಲಿ ‘ರಾವ್ ಬಹದ್ದೂರ್’, ಉತ್ತರದಲ್ಲಿ ‘ರಾಯ್ ಬಹದ್ದೂರ್’. ಎರಡರಲ್ಲೂ ಇರುವುದು ಇದೇ ರಾಜ. ಮರಾಠಿಯಲ್ಲಿ ‘ರಾಯಾ’ ಎಂದರೆ ನಲ್ಲನನ್ನು ಕರೆಯುವ ಮಾತು, ಲಾವಣಿಗಳಲ್ಲಿ ಅದು ಪದೇ ಪದೇ ಬರುತ್ತದೆ. ಕನ್ನಡದಲ್ಲಿ ‘ರಾಯರು’ ಎಂದರೆ ಸದ್ಗೃಹಸ್ಥ, ಭಕ್ತರಿಗೆ ಮಂತ್ರಾಲಯದ ರಾಘವೇಂದ್ರ ಸ್ವಾಮಿ. ಇಲ್ಲೊಂದು ವಿಚಿತ್ರವಿದೆ. ‘ಬನ್ನಿ ರಾಯರೇ’ ಎಂದರೆ ಈಗಲೂ ಗೌರವ. ‘ಬನ್ನಿ ಮಾರಾಯ್ರೆ’ ಎಂದರೆ ‘ಎಷ್ಟು ಹೊತ್ತು ಕಾಯಿಸುತ್ತೀರಿ’ ಎಂಬ ಸಲುಗೆಯ ಗೊಣಗಾಟ. ಬರಿಯ ರಾಯ ಮೇಲೇ ಉಳಿದ, ‘ಮಹಾ’ ಸೇರಿಸಿಕೊಂಡ ರಾಯ ಕೆಳಗಿಳಿದ. ದೊಡ್ಡ ಪದವಿಯೇ ಬೇಗ ಅಗ್ಗವಾಗುತ್ತದೆ. ಹೊಗಳುವವನು ಯಾವತ್ತೂ ಕೈಗೆ ಸಿಕ್ಕ ಅತಿ ದೊಡ್ಡ ಮಾತನ್ನೇ ಎತ್ತಿಕೊಳ್ಳುತ್ತಾನಲ್ಲ.

ಈ ಅಗ್ಗವಾಗುವಿಕೆ ಇತ್ತೀಚಿನದಲ್ಲ. ತಮಿಳು ನಾಡಿನಲ್ಲಿ ‘ಮಾರಾಯಂ’ ಎಂದರೆ ಅರಸ ಕೊಡುವ ಮನ್ನಣೆ. ತೊಲ್ಕಾಪ್ಪಿಯಂನಷ್ಟು ಹಳೆಯ ಗ್ರಂಥದಲ್ಲಿಯೇ ಆ ಪದವಿದೆ. ಚೋಳರ ಕಾಲಕ್ಕೆ ‘ಮಾರಾಯನ್’ ಎಂಬುದು ಅಧಿಕಾರಿಗಳಿಗೆ ಕೊಡುವ ಬಿರುದಿನ ಕೊನೆಯ ತುಂಡಾಗಿತ್ತು. ತಂಜಾವೂರಿನ ಬೃಹದೀಶ್ವರ ದೇವಾಲಯದ ಸುತ್ತಾಲಯ ಕಟ್ಟಿಸಿದ ರಾಜರಾಜ ಚೋಳನ ಸೇನಾಪತಿ ಕೃಷ್ಣನ್ ರಾಮನ್ ‘ಮುಮ್ಮುಡಿ ಚೋಳ ಬ್ರಹ್ಮಮಾರಾಯನ್’ ಎನಿಸಿಕೊಂಡಿದ್ದ. ಅವನು ಬ್ರಾಹ್ಮಣ, ದಂಡನಾಯಕ, ರಾಜನಲ್ಲ. ಅಂದರೆ ಸಾವಿರ ವರ್ಷಗಳ ಹಿಂದೆಯೇ ಮಾರಾಯ ಎಂಬ ಪದ ಸಿಂಹಾಸನದ ಮೇಲೆ ಕೂತವನನ್ನು ಬಿಟ್ಟು ಅದರ ಪಕ್ಕದಲ್ಲಿ ನಿಂತವನ ಕಡೆಗೆ ಜಾರಿತ್ತು. ಆ ಬಿರುದಿನಿಂದಲೇ ಕುಮಟೆಯ ಕರೆಮಾತು ಬಂತೆಂದು ಅರ್ಥವಲ್ಲ. ಪದವಿಗಳು ಹೇಗೆ ಕೈಯಿಂದ ಕೈಗೆ ಇಳಿಯುತ್ತವೆ ಎಂಬುದಕ್ಕೆ ಅದು ಒಳ್ಳೆಯ ದೃಷ್ಟಾಂತ.

ಇಳಿದ ಪದವಿಗಳನ್ನು ಹುಡುಕಲು ತಂಜಾವೂರಿಗೆ ಹೋಗಬೇಕಾಗಿಯೂ ಇಲ್ಲ. ಹೊನ್ನಾವರ ತಾಲೂಕಿನ ಮತದಾರರ ಪಟ್ಟಿಯ ಯಾವ ಪುಟ ತೆರೆದರೂ ಸಾಕು. ‘ಹೆಗಡೆ’ ಹಳಗನ್ನಡದ ಪೆರ್ಗಡೆ, ಹಿರಿಯ ಅಧಿಕಾರಿ. ‘ನಾಯ್ಕ’ ಪಡೆಯ ಮುಂದಾಳು. ‘ಗೌಡ’ ಊರ ಮುಖ್ಯಸ್ಥ; ಕುಮಟೆ, ಹೊನ್ನಾವರದ ಹಾಲಕ್ಕಿ ಒಕ್ಕಲಿಗರಲ್ಲಿ ಅದು ಎಲ್ಲರ ಹೆಸರಿನ ಕೊನೆಗೂ ಇದೆ. ‘ಶೆಟ್ಟಿ’ ಶ್ರೇಷ್ಠಿ, ‘ಪ್ರಭು’ ಪ್ರಭುವೇ, ‘ಶಾನಭಾಗ’ ಊರ ಲೆಕ್ಕ ಬರೆಯುವವನು. ಇವೆಲ್ಲ ಅಧಿಕಾರ ಕಳೆದುಕೊಂಡು ಕುಲದ ಗುರುತಾಗಿ ನಿಂತವು. ಮಾರಾಯ ಮಾತ್ರ ಯಾರ ಕುಲನಾಮವೂ ಆಗದೆ ಎಲ್ಲರ ಬಾಯಿಗೂ ಬಂತು.

ಈ ಕರಾವಳಿಗೆ ಅರಸರ ಕೊರತೆಯೂ ಇರಲಿಲ್ಲ. ಭಟ್ಕಳ ತಾಲೂಕಿನ ಹಾಡುವಳ್ಳಿಯಲ್ಲಿ, ಹೊನ್ನಾವರ ತಾಲೂಕಿನ ಗೇರುಸೊಪ್ಪೆಯಲ್ಲಿ ಸಾಳುವ ವಂಶದ ಜೈನ ಅರಸರು ವಿಜಯನಗರದ ಅಧೀನರಾಗಿ ಆಳಿದರು. 16ನೇ ಶತಮಾನದ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಘಟ್ಟದ ಮೇಲೆ ಬಿಳಗಿಯವರು, ಸೋಂದೆಯವರು. ಒಂದೆರಡು ದಿನದ ನಡಿಗೆಯೊಳಗೆ ಮೂರು ಅರಮನೆ ಎದುರಾಗುವ ಸೀಮೆಯಲ್ಲಿ ಅರಸ ಎಂದರೆ ದೂರದ ದೇವರಲ್ಲ. ಅವನ ಸುಂಕದವನು ಮನೆಯ ಜಗುಲಿಗೇ ಬಂದು ಕೂರುತ್ತಿದ್ದ.

ಆದರೂ ರಾಜನ ಹೆಸರು ಗೆಳೆಯನ ಹೆಸರಾದದ್ದು ಹೇಗೆ? ಪದದ ಇಂದಿನ ಬಳಕೆಯೇ ಇದಕ್ಕೆ ಸುಳಿವು ಕೊಡುತ್ತದೆ. ‘ಮಾರಾಯ’ ಹೆಚ್ಚು ಸಹಜವಾಗಿ ಕೂರುವುದು ಬೇಡಿಕೆಯ ವಾಕ್ಯದಲ್ಲಿ. ‘ಬಿಡು ಮಾರಾಯ’, ‘ಒಂದ್ಸಲ ಬಾ ಮಾರಾಯ’, ‘ಬೇಡ ಮಾರಾಯ’, ‘ನಿನ್ನ ದಮ್ಮಯ್ಯ ಮಾರಾಯ’. ಎದುರಿಗಿರುವವನು ಸಮಾನನೇ, ಆದರೆ ಆ ಕ್ಷಣಕ್ಕೆ ಕೊಡುವ ಬಿಡುವ ಅಧಿಕಾರ ಅವನ ಕೈಯಲ್ಲಿದೆ. ಅಂಥವನನ್ನು ಒಲಿಸಿಕೊಳ್ಳಲು ರಾಜನೆಂದು ಕರೆಯುವುದು ಬೇಡುವವರ ಹಳೆಯ ಜಾಣತನ. ಅನ್ನ ತಿನ್ನದ ಮಗುವಿಗೆ ತಾಯಿ ‘ನನ್ನ ರಾಜ, ಒಂದು ತುತ್ತು’ ಎನ್ನುವುದೂ ಇದೇ. ಒಲಿಸುವ ಮಾತಿನ ಬೆನ್ನಿಗೇ ಕುಹಕವೂ ಬರುತ್ತದೆ: ಹತ್ತು ಸಲ ಕರೆದರೂ ಏಳದವನಿಗೆ ‘ಏಳಪ್ಪ ಮಹಾರಾಜ’ ಎಂದರೆ ಅದು ಬೇಡಿಕೆಯೂ ಹೌದು, ಚುಚ್ಚೂ ಹೌದು. ಬೇಡಿಕೆ ಮತ್ತು ಚುಚ್ಚು ಎರಡೂ ಸೇರಿ ಪದವಿಯ ತೂಕವನ್ನು ತೇಯ್ದುಬಿಟ್ಟವು. ಭಾಷಾಶಾಸ್ತ್ರ ಇದನ್ನು ಅರ್ಥಾಪಕರ್ಷ ಎನ್ನುತ್ತದೆ. ಆ ಹೆಸರು ಇಲ್ಲಿ ಪೂರ್ತಿ ಒಪ್ಪುವುದಿಲ್ಲ. ಮಾರಾಯ ಬೈಗುಳವಾಗಲಿಲ್ಲ, ಹಗುರಾಯಿತು ಅಷ್ಟೆ. ಹಗುರಾದದ್ದರಿಂದಲೇ ಎಲ್ಲಿ ಬೇಕಾದರೂ ತೇಲುವ ಶಕ್ತಿ ಅದಕ್ಕೆ ಬಂತು.

‘ಮಾರಾಯ್ತಿ’ ಎಂಬ ರೂಪ ಇನ್ನೊಂದು ಗುಟ್ಟು ಹೇಳುತ್ತದೆ. ಮಹಾರಾಜನ ಹೆಣ್ಣುರೂಪ ಮಹಾರಾಣಿ. ಮಾರಾಯನ ಜೋಡಿಯಾಗಿ ‘ಮಾರಾಣಿ’ ಬರಬೇಕಿತ್ತು, ಬರಲಿಲ್ಲ. ಬದಲಿಗೆ ಗೌಡನಿಂದ ಗೌಡ್ತಿ, ಒಡೆಯನಿಂದ ಒಡತಿ, ಹೆಗಡೆಯಿಂದ ಹೆಗಡ್ತಿ ಆದ ಹಾಗೆಯೇ ಅಚ್ಚಗನ್ನಡದ ‘ತಿ’ ಸೇರಿಸಿಕೊಂಡು ಮಾರಾಯ್ತಿ ಹುಟ್ಟಿತು. ಈ ರೂಪ ಕಟ್ಟಿದವರ ಮನಸ್ಸಿನಲ್ಲಿ ರಾಣಿ ಇರಲೇ ಇಲ್ಲ ಎಂದಾಯಿತು. ಅಷ್ಟು ಹೊತ್ತಿಗಾಗಲೇ ಮಾರಾಯ ಅರಮನೆಯ ನಂಟು ಕಡಿದುಕೊಂಡು, ಗೌಡ ಹೆಗಡೆಯರಂತೆ ಮನೆಮಾತಿನ ಸಾಮಾನ್ಯ ಪದವಾಗಿಬಿಟ್ಟಿತ್ತು. ಬಹುವಚನದ ‘ಮಾರಾಯ್ರೆ’ ಕೂಡ ರಾಜರ ಗುಂಪನ್ನು ಹೇಳುವುದಿಲ್ಲ. ಎದುರಿಗಿರುವ ಒಬ್ಬರನ್ನೇ ‘ನೀವು’ ಎನ್ನುವ ಮಟ್ಟಕ್ಕೆ ಏರಿಸುತ್ತದೆ, ಅದೂ ಒಂದೇ ಒಂದು ಮೆಟ್ಟಿಲು.

ವಾಕ್ಯದಲ್ಲಿ ಇದರ ಜಾಗ ಸಾಮಾನ್ಯವಾಗಿ ಕೊನೆಗೆ. ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿ, ಬಾಗಿಲಿಗೆ ಅಗಳಿ ಹಾಕಿದ ಹಾಗೆ ‘ಮಾರಾಯ’ ಹಾಕುತ್ತಾರೆ. ಮೊದಲಿಗೆ ಬಂದರೆ ವಿಷಯ ಗಂಭೀರ ಎಂದೇ ಅರ್ಥ: ‘ಮಾರಾಯಾ, ಒಂದು ಮಾತು ಕೇಳು.’ ವಾಕ್ಯವೇ ಇಲ್ಲದೆ ಒಂಟಿಯಾಗಿ, ಕೊನೆಯ ಸ್ವರವನ್ನು ಎಳೆದು ‘ಮಾರಾಯಾ…’ ಎಂದರೆ ಬೆರಗು, ಕತ್ತರಿಸಿದಂತೆ ‘ಮಾರಾಯ!’ ಎಂದರೆ ಸಾಕು ನಿಲ್ಲಿಸು. ದನಿ ಇಳಿಸಿ ‘ಹೋಗ್ಲಿ ಬಿಡು ಮಾರಾಯ’ ಎಂದರೆ ಸಮಾಧಾನ, ಅದೇ ಮಾತನ್ನು ದನಿ ಏರಿಸಿ ಹೇಳಿದರೆ ಜಗಳದ ಶುರು. ಸಾವಿನ ಮನೆಯ ಅಂಗಳದಲ್ಲಿ ‘ಹೀಗಾಯ್ತಲ್ಲ ಮಾರಾಯ’ ಎಂದು ಹೆಗಲು ಮುಟ್ಟುವವನೂ, ಕ್ರಿಕೆಟ್ ಬಯಲಿನಲ್ಲಿ ಕ್ಯಾಚು ಬಿಟ್ಟವನಿಗೆ ‘ಎಂತಾ ಮಾಡ್ದೆ ಮಾರಾಯ’ ಎಂದು ತಲೆ ಚಚ್ಚಿಕೊಳ್ಳುವವನೂ ಆಡುವುದು ಇದೇ ಮಾತು. ಅರ್ಥವನ್ನು ಹೊರುವುದು ಪದವಲ್ಲ, ದನಿ. ಬರವಣಿಗೆಯಲ್ಲಿ ಮಾರಾಯ ಯಾವಾಗಲೂ ಸ್ವಲ್ಪ ಸಪ್ಪೆಯಾಗಿ ಕಾಣುವುದು ಅದಕ್ಕೇ.

ಎದುರಿಗೆ ಯಾರೂ ಇಲ್ಲದಿದ್ದರೂ ಮಾರಾಯ ಬರುತ್ತದೆ. ಮನೆಯ ಬೀಗ ಹಾಕಿ ಅರ್ಧ ದಾರಿ ಬಂದವನು ‘ಕೊಡೆ ಮರೆತೇಹೋಯ್ತಲ್ಲ ಮಾರಾಯ’ ಎಂದು ತನಗೆ ತಾನೇ ಹೇಳಿಕೊಳ್ಳುತ್ತಾನೆ. ಮಳೆಗಾಲದ ಬೆಳಿಗ್ಗೆ ಕಿಕ್ ಹೊಡೆದು ಹೊಡೆದು ಸುಸ್ತಾದವನು ಸ್ಕೂಟರಿಗೆ ‘ಹೊರಡು ಮಾರಾಯ’ ಎನ್ನುತ್ತಾನೆ. ಹಾಲು ಕೊಡದೆ ಒದೆಯುವ ಎಮ್ಮೆ ಮಾರಾಯ್ತಿಯಾಗುತ್ತದೆ. ಬಂಗಡೆಯ ಬುಟ್ಟಿಯ ಮುಂದೆ ಚೌಕಾಸಿ ನಡೆಯುವಾಗ ‘ಇಷ್ಟು ಹೇಳಿದ್ರೆ ಹೆಂಗೆ ಮಾರಾಯ್ತಿ’ ಎಂಬುದು ಮುಂದಿನ ದರಕ್ಕೆ ಮುನ್ನುಡಿ. ಪ್ರಥಮ ಪುರುಷದಲ್ಲೂ ಬಳಕೆ ಇದೆ: ‘ಆ ಮಾರಾಯ ಇನ್ನೂ ಬರ್ಲಿಲ್ಲ’ ಎಂದರೆ ಕಾಯಿಸುತ್ತಿರುವವನ ಮೇಲೆ ಸಿಟ್ಟಿದೆ, ಆದರೆ ಸಂಬಂಧ ಕೆಟ್ಟಿಲ್ಲ. ಸಂಬಂಧ ಕೆಟ್ಟಿದ್ದರೆ ಆ ಜಾಗದಲ್ಲಿ ಬೇರೆ ಪದ ಇರುತ್ತಿತ್ತು.

ಎಲ್ಲರಿಗೂ ಇದನ್ನು ಹಚ್ಚುವಂತಿಲ್ಲ. ಅಪ್ಪನಿಗೆ, ಮಾವನಿಗೆ, ಶಾಲೆಯ ಮಾಸ್ತರಿಗೆ, ಅಕ್ಕೋರಿಗೆ, ಮಠದ ಸ್ವಾಮಿಗಳಿಗೆ ಮಾರಾಯ ಸಲ್ಲದು. ಮಾರಾಯ್ರೆ ಎಂದರೂ ಸಲಿಗೆ ಮೀರಿತು ಎನಿಸುತ್ತದೆ. ತೀರ ಅಪರಿಚಿತನಿಗೂ ಮೊದಲ ಮಾತಿನಲ್ಲೇ ಹೇಳುವುದಿಲ್ಲ. ಹತ್ತು ನಿಮಿಷ ಪಕ್ಕದಲ್ಲಿ ಕೂತು, ಮಳೆಯ ಬಗ್ಗೆ ಅಡಿಕೆ ದರದ ಬಗ್ಗೆ ಮಾತಾಡಿದ ಮೇಲೆ ತಾನಾಗಿ ಬಂದುಬಿಡುತ್ತದೆ. ಅಣ್ಣ ತಮ್ಮನಿಗೆ ಹೇಳಬಹುದು, ತಾಯಿ ಮಗನಿಗೆ ಹೇಳಬಹುದು. ಗಂಡ ಹೆಂಡತಿಗೆ ‘ಮಾರಾಯ್ತಿ’ ಎಂದರೆ ಅಲ್ಲಿ ಸೋಲೊಪ್ಪಿಕೊಂಡ ಛಾಯೆ ಇರುತ್ತದೆ. ಕಾಲೇಜಿನ ಹುಡುಗಿಯರು ತಮ್ಮತಮ್ಮೊಳಗೆ ಮಾರಾಯ ಎಂದೇ ಹೇಳಿಕೊಳ್ಳುವುದೂ ಉಂಟು, ಲಿಂಗದ ಗೊಡವೆ ಅಲ್ಲಿಗೆ ಮುಗಿಯಿತು.

ಈ ಸೀಮೆಯಲ್ಲಿ ಇಂಥ ಒಂದು ಪದ ಬೇಕಾಗಿಯೇ ಇತ್ತು. ಇಲ್ಲಿ ಕರೆಯುವ ಮಾತುಗಳೆಲ್ಲ ಕುಲದ ವಾಸನೆ ಹೊತ್ತವು: ಭಟ್ರೆ, ಹೆಗಡೇರೆ, ನಾಯ್ಕರೆ, ಗೌಡ್ರೆ, ಶೆಟ್ರೆ, ಪ್ರಭುಗಳೇ, ಸಾಯ್ಬ್ರೆ. ಹೆಸರಿನ ಬದಲು ಜಾತಿಯನ್ನೇ ಕರೆದಂತೆ. ಹವ್ಯಕರ ಮನೆಯೊಳಗೆ ‘ತಮಾ’, ‘ಮಾಣಿ’, ‘ಭಾವಾ’ ಇವೆ; ಅವು ಮನೆಯ ಹೊಸ್ತಿಲು, ಹೆಚ್ಚೆಂದರೆ ಕೇರಿ ದಾಟುವುದಿಲ್ಲ. ಗೇಣಿಯ ಕಾಲದಲ್ಲಿ ಒಕ್ಕಲು ಭೂಮಾಲೀಕನನ್ನು ‘ಒಡೆಯಾ’ ಎಂದು ಕರೆಯುತ್ತಿದ್ದ. 1974ರ ಭೂಸುಧಾರಣೆ ತಿದ್ದುಪಡಿ ಕಾಯ್ದೆ ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿದ ಮೇಲೆ ಆ ಕರೆಯ ಆಧಾರವೇ ಕುಸಿಯಿತು. ಕುಲ ಹೇಳದ, ನೆಂಟಸ್ತಿಕೆ ಹೇಳದ, ಎತ್ತರ ತಗ್ಗು ಅಳೆಯದ ಪದ ಯಾವುದಿದೆ? ಮನೆಯಲ್ಲಿ ಕೊಂಕಣಿ, ನವಾಯತಿ, ಹವಿಗನ್ನಡ, ಹಾಲಕ್ಕಿ ಕನ್ನಡ ಎಂದು ಬೇರೆಬೇರೆ ಮಾತಾಡುವವರು ಪೇಟೆಯಲ್ಲಿ ಎದುರಾದಾಗ, ವಹಿವಾಟು ಸಲೀಸಾಗಲು ಬೇಕಾದ ಎಣ್ಣೆ ಮಾರಾಯನಲ್ಲಿದೆ. ರಾಜನ ಬಿರುದು ಕೊನೆಗೆ ಕೂಡಿಬಂದದ್ದು ಯಾರೂ ರಾಜರಲ್ಲದ ಜಾಗದಲ್ಲಿ.

ದೂರದ ಅಮೆರಿಕದಲ್ಲಿ ಇದಕ್ಕೊಬ್ಬ ಜೊತೆಗಾರನಿದ್ದಾನೆ, ‘ಡ್ಯೂಡ್’. ಅಲ್ಲಿನ ಯುವಕರ ಬಾಯಲ್ಲಿ ಈ ಪದ ಮಾರಾಯನಷ್ಟೇ ಸದಾ ಸಿದ್ಧ. ಅದರ ಪ್ರಯಾಣ ಮಾತ್ರ ಚಿಕ್ಕದು, ಒಂದೂವರೆ ಶತಮಾನದ್ದು. 1883ರ ಆರಂಭದಲ್ಲಿ ನ್ಯೂಯಾರ್ಕಿನ ಪತ್ರಿಕೆಯೊಂದರಲ್ಲಿ ಬಂದ ಅಣಕ ಪದ್ಯದಿಂದ ಅದು ಊರೆಲ್ಲ ಹಬ್ಬಿತು. ಅರ್ಥ, ಅತಿಯಾಗಿ ಸಿಂಗರಿಸಿಕೊಂಡ ಷೋಕಿಲಾಲ. ‘ಯಾಂಕೀ ಡೂಡಲ್’ ಎಂಬ ಹಳೆಯ ಹಾಡಿನ ‘ಡೂಡಲ್’ ಕುಗ್ಗಿ ಹೀಗಾಯಿತು ಎಂಬುದು ಸಂಶೋಧಕರಾದ ಬ್ಯಾರಿ ಪೋಪಿಕ್, ಜೆರಾಲ್ಡ್ ಕೋಹೆನ್ ಅವರ ವಿವರಣೆ. ಮುಂದೆ ಪಶ್ಚಿಮದ ದನಗಾಹಿಗಳು ಪೇಟೆಯಿಂದ ಬಂದ ನಾಜೂಕು ಮಂದಿಯನ್ನು ಡ್ಯೂಡ್ ಎಂದು ಆಡಿಕೊಂಡರು. 20ನೇ ಶತಮಾನದ ನಡುವಿನಲ್ಲಿ ಕಪ್ಪು ಜನಾಂಗದ ಮತ್ತು ಮೆಕ್ಸಿಕೋ ಮೂಲದ ತರುಣರು ಅದನ್ನು ತಮ್ಮವನೆಂಬ ಅರ್ಥದಲ್ಲಿ ತೆಗೆದುಕೊಂಡರು. ಅವರಿಂದ ಕ್ಯಾಲಿಫೋರ್ನಿಯಾದ ಅಲೆಸವಾರರಿಗೆ, ಅಲ್ಲಿಂದ ಸಿನಿಮಾಕ್ಕೆ. ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಭಾಷಾವಿಜ್ಞಾನಿ ಸ್ಕಾಟ್ ಕೀಸ್ಲಿಂಗ್ 2004ರಲ್ಲಿ ಈ ಒಂದೇ ಪದದ ಮೇಲೆ ದೀರ್ಘ ಪ್ರಬಂಧ ಪ್ರಕಟಿಸಿದರು. ಅವರ ಪ್ರಕಾರ ಡ್ಯೂಡ್ ಮಾಡುವ ಕೆಲಸ, ‘ನಾವಿಬ್ಬರೂ ಒಂದೇ’ ಎಂದು ತೋರಿಸಿಯೂ ಹೆಚ್ಚು ಹತ್ತಿರ ಬರದೆ ನಿಲ್ಲುವುದು. ಮಾತಿನ ಏಟಿನ ಬಿರುಸು ತಗ್ಗಿಸುವುದೂ ಅದರ ಕೆಲಸ. ಕುಮಟೆಯ ‘ಬೇಡ ಮಾರಾಯ’ ಮಾಡುವುದೂ ಇದನ್ನೇ. ಒಂದು ಅಣಕದಿಂದ ಮೇಲೆ ಬಂತು, ಇನ್ನೊಂದು ಬಿರುದಿನಿಂದ ಕೆಳಗಿಳಿಯಿತು. ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ಬಂದು ನಿಂತಿವೆ.

ಅಮೆರಿಕನ್ನರ ಇನ್ನೊಂದು ಮಾತು ‘ಗೈ’, ಇಂಗ್ಲೆಂಡಿನ ಸಂಸತ್ತನ್ನು 1605ರಲ್ಲಿ ಸಿಡಿಮದ್ದಿನಿಂದ ಸ್ಫೋಟಿಸಲು ಹೊಂಚಿದ ಗೈ ಫಾಕ್ಸ್‌ನ ಹೆಸರು. ವರ್ಷವರ್ಷ ಸುಡುವ ಅವನ ಬೊಂಬೆಗೆ ಆ ಹೆಸರಾಯಿತು, ಮುಂದೆ ಬೊಂಬೆಯಂತೆ ವಿಚಿತ್ರವಾಗಿ ಉಟ್ಟವನಿಗೆ, ಕೊನೆಗೆ ಅಮೆರಿಕದಲ್ಲಿ ಯಾವನಿಗಾದರೂ. ‘ಬಾಸ್’ ಡಚ್ಚರ ‘ಬಾಸ್’ (baas) ಎಂಬ ಪದದಿಂದ ಬಂದದ್ದು. ಯಜಮಾನ ಎಂಬರ್ಥದ ಇಂಗ್ಲಿಷ್ ಪದಕ್ಕೆ ಗುಲಾಮಗಿರಿಯ ನೆನಪು ಅಂಟಿದ್ದರಿಂದ ಅಮೆರಿಕದ ಕೂಲಿಗಳು ಇದನ್ನು ಮೆಚ್ಚಿದರು. ಬೆಂಗಳೂರಿನ ಆಟೋದವರು ಗಿರಾಕಿಯನ್ನು ಬಾಸ್ ಎನ್ನುವಾಗ ಪದ ಅರ್ಧ ಭೂಮಿ ಸುತ್ತಿ ಬಂದಿರುತ್ತದೆ.

ಕನ್ನಡದ ಉಳಿದ ಊರುಗಳೂ ಹಿಂದೆ ಬಿದ್ದಿಲ್ಲ. ಬೆಂಗಳೂರಿನ ‘ಗುರು’ ಪಾಠ ಹೇಳುವುದಿಲ್ಲ, ‘ದೊರೆ’ ಆಳುವುದಿಲ್ಲ, ‘ಮಗಾ’ ಎನಿಸಿಕೊಂಡವನು ಯಾರ ಮಗನೂ ಅಲ್ಲ. ‘ಪುಣ್ಯಾತ್ಮ’ ಎಂದರೆ ಬಹುತೇಕ ಏನೋ ಎಡವಟ್ಟು ಮಾಡಿದವನು. ಮಹಾರಾಜನೂ ಎಲ್ಲ ಕಡೆ ಒಂದೇ ರೀತಿಯಲ್ಲಿ ಇಳಿಯಲಿಲ್ಲ. ಮುಂಬಯಿಯ ಗುಜರಾತಿ, ಮಾರವಾಡಿ ಮನೆಗಳಲ್ಲಿ ‘ಮಹಾರಾಜ್’ ಎಂದರೆ ಅಡುಗೆಯವನು. ಏರ್ ಇಂಡಿಯಾ 1946ರಲ್ಲಿ ಬಾಗಿ ನಮಸ್ಕರಿಸುವ ದೊಡ್ಡ ಮೀಸೆಯ ಮಹಾರಾಜನನ್ನು ತನ್ನ ಗುರುತಾಗಿ ಮಾಡಿಕೊಂಡಿತು; ಅವನನ್ನು ಕಲ್ಪಿಸಿದವರು ಬಾಬಿ ಕೂಕಾ, ಬರೆದ ಕಲಾವಿದರು ಉಮೇಶ್ ರಾವ್. ಮಹಾರಾಜನನ್ನು ಬರೆದವರ ಹೆಸರಿನಲ್ಲೂ ಸವೆದ ಒಬ್ಬ ರಾಜನಿದ್ದ! ನಿಜವಾದ ಮಹಾರಾಜರ ಮಾನ್ಯತೆ ಮತ್ತು ರಾಜಧನ 1971ರ 26ನೇ ಸಂವಿಧಾನ ತಿದ್ದುಪಡಿಯೊಂದಿಗೆ ಮುಗಿದವು.

ಪೂರ್ಣ ರೂಪದ ‘ಮಹಾರಾಜ’ ಈ ಕರಾವಳಿಯಲ್ಲಿ ಇನ್ನೂ ಕಿರೀಟ ಸಮೇತ ಕಾಣಸಿಗುವ ಜಾಗವೊಂದಿದೆ, ಯಕ್ಷಗಾನದ ರಂಗಸ್ಥಳ. ಹೊನ್ನಾವರ ತಾಲೂಕು ಯಕ್ಷಗಾನದ ಬಡಗಣ ಶೈಲಿಯಾದ ಬಡಗುತಿಟ್ಟಿನ ತವರುಗಳಲ್ಲಿ ಒಂದು. ಕೆರೆಮನೆ ಶಿವರಾಮ ಹೆಗಡೆ 1934ರಲ್ಲಿ ಕಟ್ಟಿದ ಇಡಗುಂಜಿ ಮಹಾಗಣಪತಿ ಮೇಳ ಇಲ್ಲಿಯದು, 2012ರಲ್ಲಿ ಪದ್ಮಶ್ರೀ ಪಡೆದ ಚಿಟ್ಟಾಣಿ ರಾಮಚಂದ್ರ ಹೆಗಡೆ ಇದೇ ತಾಲೂಕಿನವರು. ಆಟದಲ್ಲಿ ಕೌರವನಾಗಲಿ ಮಾಗಧನಾಗಲಿ ಮಂತ್ರಿಯ ಬಾಯಲ್ಲಿ ‘ಮಹಾರಾಜ’ನೇ, ಒಂದಕ್ಷರವೂ ಸವೆಯುವಂತಿಲ್ಲ. ಅರ್ಥಗಾರಿಕೆಯ, ಅಂದರೆ ಪಾತ್ರಗಳ ಮಾತುಗಾರಿಕೆಯ, ಶಿಸ್ತು ಹಾಗಿದೆ: ಗ್ರಂಥಸ್ಥ ಕನ್ನಡ ಬಿಟ್ಟು ಕದಲಬಾರದು. ಆ ಕಟ್ಟುಪಾಡು ಇಲ್ಲದವನು ಹಾಸ್ಯಗಾರ ಒಬ್ಬನೇ. ಚಾರನೋ ದೂತನೋ ಆಗಿ ಬರುವ ಅವನು ಊರಿನ ಕನ್ನಡವನ್ನೇ ಆಡಬಹುದು, ಒಂದೇ ಉಸಿರಿನಲ್ಲಿ ಮಹಾರಾಜನಿಂದ ಮಾರಾಯನಿಗೆ ಇಳಿಯಬಹುದು. ನಗು ಬರುವುದು ಆ ಇಳಿತಕ್ಕೆ. ಪದದ ಎರಡು ತುದಿಗಳೂ ಒಂದೇ ಎಂದು ಪ್ರೇಕ್ಷಕನಿಗೆ ಯಾರೂ ವಿವರಿಸಬೇಕಾಗಿಲ್ಲ.

ಊರು ಬಿಟ್ಟವರ ಸಂಗಡ ಮಾರಾಯನೂ ಊರು ಬಿಟ್ಟಿದ್ದಾನೆ. ಮುಂಬಯಿಗೆ, ಬೆಂಗಳೂರಿಗೆ, ಕೊಲ್ಲಿ ದೇಶಗಳಿಗೆ ಹೋದವರನ್ನು ಮೂರನೆಯ ವಾಕ್ಯದಲ್ಲೇ ಕರಾವಳಿಯವರೆಂದು ಗುರುತು ಹಿಡಿಯಲು ಈ ಪದ ಸಾಕು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ತೆರೆದುಕೊಂಡ ಮೇಲೆ ಮುಂಬಯಿಯ ಗಾಡಿಗಳಲ್ಲಿ ಗೋವೆ ದಾಟಿದ ಕೂಡಲೇ ಇದರ ಸಂಖ್ಯೆ ಏರುತ್ತದೆ. ಇಂಗ್ಲಿಷ್ ವಾಕ್ಯದ ಬಾಲಕ್ಕೂ ಇದು ಸಲೀಸಾಗಿ ಅಂಟುತ್ತದೆ: ‘ಟೂ ಮಚ್ ಮಾರಾಯ’. ಮಂಗಳೂರಿನ ಕ್ರೈಸ್ತರ ‘ವಾಟ್ ಮ್ಯಾನ್’ ಎಂಬ ಇಂಗ್ಲಿಷಿಗೂ ಇದೇ ಲಯ.

ಸವೆತ ಇನ್ನೂ ನಿಂತಿಲ್ಲ. ಭಟ್ಕಳದಿಂದ ತೆಂಕಕ್ಕೆ, ಉಡುಪಿ ಮಂಗಳೂರಿನ ಕಡೆ ಹೋದಂತೆ ‘ಮಾರಾಯ್ರೆ’ಯ ನಡುವಿನ ರಾಯನೂ ಕರಗಿ ‘ಎಂತ ಮಾರ್ರೆ’ ಎಂದು ಕೇಳಿಸುತ್ತದೆ. ಮಹಾರಾಜರೇ ಎಂಬಲ್ಲಿ ಐದು ಅಕ್ಷರ, ಮಾರಾಯರೇ ಎಂಬಲ್ಲಿ ನಾಲ್ಕು, ಮಾರಾಯ್ರೆಯಲ್ಲಿ ಮೂರು, ಮಾರ್ರೆಯಲ್ಲಿ ಎರಡು.